ಕುಬುಸದ ಮೊದಲ ಆರು ಫೋಟೋ

ರಾಣೆಬೆನ್ನೂರು
೧೨ ಫೆಬ್ರವರಿ ೨೦೨೪

ಪ್ರೀತಿಯ ಅಪ್ಪಾ,

ಕಣ್ಣು ಹೇಗಿವೆ? ಹನಿ ಔಷಧ ಬಿಡದೆ ಹಾಕಿಕೊಳ್ಳುತ್ತೀಯಾ, ಇಲ್ಲ ಐರಣಿಯ ಹೊಳೆಗಾಳಿಯೇ ಔಷಧವೆಂದು ಸೀಸೆಯನ್ನು ಗೋಡೆಯ ಮಾಡದಲ್ಲಿ ಮರೆತಿದ್ದೀಯಾ? ಹೊಳಿಯವ್ವತ್ತೆಯ ಮಂಡಿನೋವು ಕಡಿಮೆಯಾಯಿತೇ? ನೀನು ಫೋನ್ ಎತ್ತುವುದಿಲ್ಲ, ಎತ್ತಿದರೂ ‘ಹೂಂ’ ಬಿಟ್ಟರೆ ಬೇರೆ ಮಾತಿಲ್ಲ. ಅದಕ್ಕೇ ಈ ಕಾಗದ. ಅಕ್ಷರ ದಪ್ಪಗೆ ಬರೆದಿದ್ದೇನೆ, ಓದಲಾಗಲಿಲ್ಲ ಎಂಬ ನೆವ ನನ್ನ ಹತ್ತಿರ ನಡೆಯುವುದಿಲ್ಲ.

ನೀನು ನಮ್ಮ ಫೋಟೋ ಸ್ಟುಡಿಯೋ ಬಿಟ್ಟು ಐರಣಿಗೆ ಅತ್ತೆಯ ಮನೆ ಸೇರಿ ಮೂರು ತಿಂಗಳಾಯಿತು. ಪೊರೆಯ ಆಪರೇಷನ್ ಆದಮೇಲೆ ಕಣ್ಣು ತಿಳಿಯಾಗಿವೆ ಎಂದು ಡಾಕ್ಟರರು ಹೇಳಿದ್ದರು. ಆದರೆ ಕುಪ್ಪೇಲೂರಿನ ಮದುವೆಯಲ್ಲಿ ನೀನು ತೆಗೆದ ಅಕ್ಷತೆಯ ಫೋಟೋಗಳೆಲ್ಲ ಮಬ್ಬಾಗಿ ಬಂದವು. ನಾನು ಬೀಗರೆದುರಿಗೇ ‘ಸಾಕ್ ಮಾಡಪ್ಪಾ, ಇನ್ನ ನಿನ್ನ ಕಡೆ ಆಗೂದಿಲ್ಲ’ ಅಂದುಬಿಟ್ಟೆ. ನೀನು ಕ್ಯಾಮೆರಾ ತೆಗೆದು ನನ್ನ ಕೊರಳಿಗೆ ಹಾಕಿ, ‘ಡಾಕ್ಟರ್ ಸುಳ್ಳ ಹೇಳ್ಯಾರು, ಫೋಟೋ ಹೇಳೂದಿಲ್ಲ’ ಅಂದೆ.

ಈಗ ಸುದ್ದಿ. ಬಸ್ ನಿಲ್ದಾಣದ ಹತ್ತಿರ ಮೊಬೈಲ್ ರಿಪೇರಿ ಮಾಡುವ ಇಸಾಕಸಾಬರಿಂದ ಒಂದು ಪುಟ್ಟ ಲ್ಯಾಪ್‌ಟಾಪ್ ತಂದಿದ್ದೇನೆ, ನಮ್ಮ ಹಳೆಯ ಆಲ್ಬಮ್ಮಿಗಿಂತ ದೊಡ್ಡದಲ್ಲ. ಕ್ಯಾಮೆರಾದಿಂದ ಅದಕ್ಕೊಂದು ವೈರು ಜೋಡಿಸಿದರೆ, ಇಲ್ಲಿ ಕ್ಲಿಕ್ ಅನ್ನುವಷ್ಟರಲ್ಲಿ ಅಲ್ಲಿ ಫೋಟೋ ದೊಡ್ಡದಾಗಿ ಬಂದು ಕೂರುತ್ತದೆ. ಆಲ್ಬಮ್ ಆಗುವವರೆಗೆ ಯಾರಿಗೂ ಫೋಟೋ ತೋರಿಸಬಾರದೆಂಬ ನಿನ್ನ ನಿಯಮ ಮುರಿದಿದ್ದೇನೆ. ಬೈಯುವುದನ್ನು ಎದುರಿಗೆ ಬಂದೇ ಬೈ.

ನಿನ್ನೆ ಬ್ಯಾಡಗಿಯಲ್ಲಿ ಬಸುರಿ ಜ್ಯೋತಿಲಕ್ಷ್ಮಿಯ ಕುಬುಸವಿತ್ತು. ಬೀದಿಯಲ್ಲಿ ಮೆಣಸಿನಕಾಯಿ ಚೀಲದ ಗಾಡಿಗಳು ಸಾಲುಗಟ್ಟಿದ್ದವು, ಸೀನದವರಿಲ್ಲ. ಆ ಘಾಟಿನ ಧೂಳು ಬೇರೆ. ಅದಕ್ಕೆ ನಮ್ಮ ಸ್ಟುಡಿಯೋ ಪದ್ಧತಿಯಂತೆ ಅವ್ವನ ಹಳೆ ಸೀರೆಯ ತುಂಡಿನಿಂದ ಕ್ಯಾಮೆರಾವನ್ನು ಎರಡೆರಡು ಸಲ ಒರೆಸಿಯೇ ಶುರು ಮಾಡಿದೆ. ಆರು ಫೋಟೋ ತೆಗೆದು ಲ್ಯಾಪ್‌ಟಾಪ್ ನೋಡುತ್ತೇನೆ, ಆರೂ ಮಬ್ಬು. ಕ್ಯಾಮೆರಾದ ಬೆನ್ನಿನ ಸಣ್ಣ ಪರದೆಯಲ್ಲಿ ಮಾತ್ರ ಎಲ್ಲ ಚೊಕ್ಕಟವಾಗಿ ಕಂಡಿದ್ದವು. ತಡಕಾಡಿ ನೋಡಿದರೆ, ತಾನಾಗಿ ಫೋಕಸ್ ಹಿಡಿಯುವಂತೆ ಮಾಡುವ ಲೆನ್ಸಿನ ಬದಿಯ ಚಿಕ್ಕ ಗುಂಡಿ, ಕೈಯಿಂದಲೇ ತಿರುಗಿಸಿ ಹಿಡಿಯುವ ಕೈ ಫೋಕಸ್ಸಿಗೆ ಜರುಗಿತ್ತು. ಹಿಂದಕ್ಕೆ ದೂಡಿದೆ. ಏಳನೆಯ ಫೋಟೋದಲ್ಲಿ ಜ್ಯೋತಿಲಕ್ಷ್ಮಿಯ ಹಸಿರು ಬಳೆಗಳನ್ನು ಎಣಿಸಬಹುದಿತ್ತು.

ಆಮೇಲಿನ ಗಮ್ಮತ್ತು ಕೇಳು. ಹುಡುಗಿಯ ಅಜ್ಜಿ ಭರಮವ್ವ ಪರದೆಯಲ್ಲಿ ತನ್ನ ಸೆರಗು ಜಾರಿದ್ದು ಕಂಡು ಲಗುಬಗೆಯಿಂದ ಸರಿಮಾಡಿಕೊಂಡು, ಮತ್ತೆ ಪರದೆಯನ್ನೇ ನೋಡುತ್ತ ನಿಂತಳು. ‘ನಾ ಸರಿ ಮಾಡ್ಕೊಂಡೇನಿ, ಅದರಾಗ ಯಾಕ ಸರಿ ಆಗವಲ್ದು?’ ಎಂದು ನನ್ನನ್ನೇ ಗದರಿದಳು. ಇನ್ನೊಂದು ತೆಗೆದು ತೋರಿಸಿದ ಮೇಲೆ ಸಮಾಧಾನವಾಯಿತು. ಹೊರಡುವಾಗ ‘ನನ್ನ ಮಗಳ ಮದುವಿ ಫೋಟೋ ತೆಗದಾಂವ ನಿಮ್ಮಪ್ಪ. ಎಲ್ಲಿ ಹೋಗ್ಯಾನ?’ ಅಂದಳು.

ಬರುವ ಭಾನುವಾರ ಹಾವೇರಿಯಲ್ಲಿ ಒಂದು ನಾಮಕರಣವಿದೆ. ಕ್ಯಾಮೆರಾ ನಿನ್ನದು, ಲ್ಯಾಪ್‌ಟಾಪ್ ನನ್ನದು. ನೀನು ಬರಬೇಕು. ಅತ್ತೆಗೆ ನನ್ನ ನಮಸ್ಕಾರ ಹೇಳು, ನನ್ನ ತಲೆಯ ಮೇಲೆ ನಿನ್ನ ಕೈ ಇರಲಿ.

ನಿನ್ನ ಬಾಯಿಬಡುಕಿ ಮಗಳು,
ಅರುಣಾ

ತಾ.ಕ.: ಐರಣಿ ಬಸ್ಸಿಗೆ ಹೊತ್ತಾಯಿತೆಂದು ಪಕ್ಕದ ಮನೆಯ ಮಾಲತೇಶ ಈ ಕಾಗದಕ್ಕಾಗಿ ಬಾಗಿಲಲ್ಲೇ ನಿಂತಿದ್ದಾನೆ. ಧೈರ್ಯ ಬಾರದೆ ಉಳಿಸಿಕೊಂಡದ್ದನ್ನು ಈಗ ಹೇಳುತ್ತೇನೆ. ಇವತ್ತು ಬೆಳಿಗ್ಗೆ ಕುಪ್ಪೇಲೂರಿನ ಫೋಟೋಗಳನ್ನು ಲ್ಯಾಪ್‌ಟಾಪಿನಲ್ಲಿ ತೆರೆದೆ. ಪ್ರತಿ ಫೋಟೋ ಹೇಗೆ ತೆಗೆದದ್ದೆಂಬ ವಿವರವನ್ನೂ ಅದು ತೋರಿಸುತ್ತದೆ. ಮಬ್ಬಾದವೆಲ್ಲ ಕೈ ಫೋಕಸ್ಸಿನಲ್ಲಿ ತೆಗೆದವು. ಆ ದಿನ ಒರೆಸುವಾಗ ನಿನ್ನ ಕಣ್ಣಿಗೆ ಧೂಳು ಬೀಳುತ್ತದೆಂದು ನಿನ್ನ ಕೈಯಿಂದ ಕ್ಯಾಮೆರಾ ಕಸಿದುಕೊಂಡು ಒರೆಸಿದವಳು ನಾನು. ನಿನ್ನೆಯಂತೆ ಅಂದೂ ಆ ಗುಂಡಿ ಜರುಗಿದ್ದು ನನ್ನ ಒರೆಸಾಟದಲ್ಲೇ. ಮಬ್ಬು ಕಂಡಾಗ ನೀನು ನಿನ್ನ ಕಣ್ಣನ್ನು ಬೈದುಕೊಂಡೆ, ನಾನು ನಿನ್ನನ್ನು ಬೈದೆ. ತಪ್ಪಾಯಿತಪ್ಪಾ. ನಿನ್ನ ಕಣ್ಣು ಸರಿಯಾಗಿವೆ. ಅವ್ವನ ಸೀರೆಯ ತುಂಡನ್ನು ಇದೇ ಲಕೋಟೆಯಲ್ಲಿ ಇಟ್ಟಿದ್ದೇನೆ. ಭಾನುವಾರ ಬರುವಾಗ ತೆಗೆದುಕೊಂಡು ಬಾ, ಇನ್ನು ಮೇಲೆ ಒರೆಸುವ ಕೆಲಸವೂ ನಿನ್ನದೇ.