ಅವ್ವನ ಹಣೆಯ ಬಟ್ಟು

ಉಮದಿ,
ತಾ. 10-10-1957, ಗುರುವಾರ

ನನ್ನ ಖುರಷೀದ,

ನನ್ನ ಅಕ್ಷರ ಕಂಡ ಕೂಡಲೇ ಈ ಕಾಗದವನ್ನು ಒಲೆಗೆ ಹಾಕಬೇಕೆನ್ನಿಸಿದರೆ ಹಾಕು, ನಿನಗೆ ಆ ಹಕ್ಕಿದೆ. ಆದರೆ ಒಮ್ಮೆ ಓದಿ ಹಾಕು.

ಜೂನ್ ತಿಂಗಳಲ್ಲಿ ನಾನು ನಿನಗೆ ಬರೆದದ್ದು ಕಾಗದವಲ್ಲ, ಬೈಗುಳ. "ನಮ್ಮ ಹೆಣ್ಣುಮಕ್ಕಳ ಹಣೆಯ ವಿಷಯ ನಿಮ್ಮವರಿಗೇನು ಗೊತ್ತು" ಎಂದು ಬರೆದೆ. ನಿಮ್ಮವರು! ವಿಜಾಪುರದ ಶಾಲೆಯಲ್ಲಿ ಮೂರು ವರ್ಷ ಒಂದೇ ಬೆಂಚಿನ ಮೇಲೆ ಕೂತು, ನಿನ್ನ ಬುತ್ತಿ ನಾನು, ನನ್ನ ಬುತ್ತಿ ನೀನು ತಿಂದವರು ನಾವು. ಹೋದ ವರ್ಷ ವಿಜಾಪುರ ಮೈಸೂರು ರಾಜ್ಯಕ್ಕೆ ಸೇರಿ, ನಾವು ಮುಂಬಯಿಯಲ್ಲೇ ಉಳಿದಾಗ ಸರಕಾರ ನಮ್ಮಿಬ್ಬರ ನಡುವೆ ಗೆರೆ ಎಳೆಯಿತೆಂದು ನಾನು ಊರೆಲ್ಲ ಕೂಗಾಡಿದೆ. ಅದಕ್ಕಿಂತ ದಪ್ಪ ಗೆರೆಯನ್ನು ನನ್ನ ಕೈಯೇ ಎಳೆಯಿತು. ನಾಲ್ಕು ತಿಂಗಳು ನೀನು ಉತ್ತರ ಬರೆಯಲಿಲ್ಲ. ಸರಿಯಾಗೇ ಮಾಡಿದೆ.

ಈಗ ಕೆಲಸ ಬಿದ್ದಿದೆ ಎಂದೇ ಬರೆಯುತ್ತಿದ್ದೇನೆ, ಅದನ್ನೂ ಮುಚ್ಚಿಡುವುದಿಲ್ಲ. ಬರುವ ಸೋಮವಾರ ನಮ್ಮಣ್ಣ ಶ್ರೀಶೈಲಪ್ಪ ವಿಜಾಪುರಕ್ಕೆ, ನಿಮ್ಮ ಸ್ಟುಡಿಯೋಕ್ಕೆ ಬರುತ್ತಾನೆ. ಅವ್ವನ ಫೋಟೋದ ಗಾಜಿನ ನೆಗೆಟಿವ್ ತೆಗೆಸಿ, ಹಣೆಯ ಮೇಲಿನ ಕುಂಕುಮ ಅಳಿಸಿ, ಅಲ್ಲಿ ಮೂರು ಬೆರಳು ವಿಭೂತಿ ಬರೆಸುತ್ತಾನಂತೆ. ದೀಪಾವಳಿಗೆ ಡಫಳಾಪುರದಲ್ಲಿ ಅವನ ಹೊಸ ಅಂಗಡಿ. ಅಲ್ಲಿಯ ಗೋಡೆಗೆ ಹಾಕಲು. ಅವನು ಬರುವ ಮೊದಲು ನಿನ್ನಿಂದ ಒಂದು ಕೆಲಸ ಆಗಬೇಕು. ಟಪಾಲು ಹೊತ್ತಿಗೆ ಮುಟ್ಟುವ ಭರವಸೆ ಇಲ್ಲ. ನಮ್ಮೂರ ಬಳೆಗಾರ್ತಿ ಇಮಾಮಬಿ ಮಾಲು ತರಲು ನಾಳೆ ಬಸ್ಸಿಗೆ ಹೊರಟಿದ್ದಾಳೆ, ಅವಳ ಕೈಯಲ್ಲಿ ಕೊಡುತ್ತೇನೆ.

ನಡೆದದ್ದನ್ನು ಮೊದಲಿಂದ ಹೇಳದೆ ಕೇಳಲು ನನಗೆ ಬಾಯಿ ಬರುವುದಿಲ್ಲ.

ಫಾಲ್ಗುಣದ ಸಂತೆಗೆ ನಿನ್ನ ಮಾವ ಕ್ಯಾಮರಾ ಹೊತ್ತು ಬಂದಾಗ ಅವ್ವನನ್ನು ಎಳೆದೊಯ್ದು ಕುರ್ಚಿಯ ಮೇಲೆ ಕೂರಿಸಿದವಳು ನಾನೇ. ನಡುಮಧ್ಯಾಹ್ನದ ಬಿಸಿಲು ನೆತ್ತಿಯ ಮೇಲಿತ್ತು. ಮೊದಲ ಪ್ರತಿ ಬಂದಾಗ ಕಣ್ಣಿದ್ದಲ್ಲಿ ಎರಡು ಕರಿ ಕುಣಿ, ಕೆನ್ನೆ ಬಿರುಕು ಬಿಟ್ಟ ಎರೆಹೊಲ. ಅವ್ವ ಅದನ್ನು ದೂರ ಹಿಡಿದು ನೋಡಿ, ಹತ್ತಿರ ಹಿಡಿದು ನೋಡಿ, "ಹಿಂಗ ಆಗೇನೇನವಾ ನಾ? ಅವರೇನರ ತಿರುಗಿ ಬಂದ್ರ ಗುರ್ತ ಹಿಡ್ಯಂಗಿಲ್ಲ ಬಿಡು" ಎಂದು ನಕ್ಕಳು. ಅವರು ಎಂದರೆ ನಮ್ಮಪ್ಪ. ಸತ್ತು ಇಪ್ಪತ್ತೆಂಟು ವರ್ಷ. ಆಗ ಅವ್ವನಿಗೆ ಹತ್ತೊಂಬತ್ತು, ಅಣ್ಣನಿಗೆ ಎರಡು, ನಾನು ತೊಟ್ಟಿಲಲ್ಲಿ.

ಹೌದು ಖುರಷೀದ, ಸತ್ತು ಇಪ್ಪತ್ತೆಂಟು ವರ್ಷ. ಶಾಲೆಯಲ್ಲಿ ನಾನು ನಿನಗೆ ಹೇಳಿದ್ದು, ನಮ್ಮಪ್ಪ ಒಕ್ಕಲುತನ ಮಾಡುತ್ತಾನೆ, ಸುಗ್ಗಿ ಮುಗಿದ ಮೇಲೆ ನನ್ನನ್ನು ನೋಡಲು ಬರುತ್ತಾನೆ ಎಂದು. ಎಲ್ಲ ಸುಳ್ಳು. ಊರಲ್ಲಿ "ಮುಂಡಿ ಮಗಳು" ಎನ್ನಿಸಿಕೊಂಡು ಕಿವಿ ಸುಟ್ಟಿದ್ದವು. ಪರಊರಿನಲ್ಲಾದರೂ ಅಪ್ಪನಿದ್ದವಳಾಗಿ ಇರೋಣವೆಂದು ಒಬ್ಬ ಅಪ್ಪನನ್ನು ಕಟ್ಟಿಕೊಂಡೆ. ನೀನು ಎಂದೂ ನಮ್ಮೂರಿಗೆ ಬರಲಿಲ್ಲ, ಅವ್ವನನ್ನು ನೋಡಲಿಲ್ಲ. ಆ ಸುಳ್ಳು ಹಾಗೇ ಉಳಿಯಿತು.

ಮೊದಲ ಪ್ರತಿಯ ಹಿಂದೆ ನಾನು ಬರೆದು ಕಳಿಸಿದ್ದು ನಿನಗೆ ನೆನಪಿರಬೇಕು. ಕಣ್ಣ ಕೆಳಗಿನ ಕಪ್ಪು ತೆಗೆ, ಸೆರಗಿನ ಹರಕು ಮುಚ್ಚು, ಗೆರೆ ಅಳಿಸು. ಎರಡನೆಯ ಪ್ರತಿಯಲ್ಲಿ ಅವ್ವ ಮೈದಾಹಿಟ್ಟಿನ ಗೊಂಬೆಯಾಗಿ ಬಂದಳು. "ಯಾವ ವಾಡೇದ ಬಾಯಿಸಾಹೇಬ್ರವಾ ಇವರು? ಕುಂದ್ರಸು, ಚಾ ಮಾಡ್ತೇನಿ" ಎಂದು ಅವ್ವನೇ ಚೇಷ್ಟೆ ಮಾಡಿದಳು. ನಾನು ಮತ್ತೆ ಬರೆದೆ: ಅರ್ಧ ಗೆರೆ ತಿರುಗಿ ಕೊಡು, ಬಿಸಿಲಲ್ಲಿ ದುಡಿದ ಬಣ್ಣ ಕೊಡು, ಮಾಸಿದ್ದು ಎದ್ದು ಕಾಣಲಿ. ನೀನು ಬೇಸರಿಸದೆ ಮೂರನೆಯದನ್ನು ಕಳಿಸಿದೆ. ಜೊತೆಗೊಂದು ಚೀಟಿ. ಗಾಜಿನ ಮೇಲೆ ಪೆನ್ಸಿಲು ಆಡಿಸಿದರೆ ಕಾಗದದಲ್ಲಿ ಬೆಳ್ಳಗಾಗುತ್ತದೆ, ಚಾಕುವಿನ ಮೊನೆಯಿಂದ ಕೆರೆದರೆ ಕರ್ರಗಾಗುತ್ತದೆ, ಕಾಕಿಯ ಹಣೆಯ ಕುಂಕುಮ ಬೆವರಿಗೆ ಮಾಸಿತ್ತು, ಕೆರೆದು ದುಂಡಗೆ ಮಾಡಿದ್ದೇನೆ ಎಂದು ಬರೆದಿದ್ದೆ.

ಅದು ಕುಂಕುಮವಲ್ಲ, ಹಚ್ಚೆ. ಅವ್ವ ಎಂಟು ವರ್ಷದವಳಿದ್ದಾಗ ಸೂಜಿಯಿಂದ ಚುಚ್ಚಿಸಿದ ಹಸಿರು ಬಟ್ಟು. ಅಪ್ಪ ಸತ್ತಾಗ ಹೆಂಗಸರು ಕುಂಕುಮ ಒರೆಸಿದರು, ಬಳೆ ಒಡೆದರು, ತಾಳಿ ಹರಿದರು. ಚರ್ಮದೊಳಗಿನ ಹಚ್ಚೆ ಮಾತ್ರ ಅವರ ಕೈಗೆ ಬರಲಿಲ್ಲ. ಪರದೆಯ ಹಿಂದೆ ಕೂತು ಗಾಜು ನೋಡುವ ನಿನಗೆ ಅದು ಮಾಸಿದ ಕುಂಕುಮವಾಗಿ ಕಂಡಿತು. ಕಾಣಲೇಬೇಕು. ಅವಳ ಗಂಡ ಬದುಕಿದ್ದಾನೆಂದು ನಿನಗೆ ಹೇಳಿದವಳು ನಾನಲ್ಲವೇ? ನನ್ನ ಸುಳ್ಳಿಗೆ ನೀನು ಬಣ್ಣ ತುಂಬಿದೆ, ನಾನು ನಿನ್ನ ಜಾತಿ ಎತ್ತಿ ಬೈದೆ. ಶರಣರ ಮಾತನ್ನು ಸಭೆಯಲ್ಲಿ ನಿಂತು ಹೇಳುವ ಬಾಯಿ ಇದು!

ಬೈದ ಕಾಗದವನ್ನು ಟಪಾಲಿಗೆ ಹಾಕಿ ಮನೆಗೆ ಬಂದೆ. ಫೋಟೋ ಹರಿಯಲು ಕೈಗೆತ್ತಿಕೊಂಡೆ. ಅವ್ವ ಕಸಿದುಕೊಂಡಳು. ಆ ದುಂಡು ಬಟ್ಟಿನ ಮೇಲೆ ಬೆರಳಿಟ್ಟಳು. ಆಮೇಲೆ "ಈಗ ಗುರ್ತ ಹಿಡೀತಾರ ನೋಡು" ಎಂದಳು. ಅಷ್ಟೇ. ನಗಲಿಲ್ಲ.

ಅಂದಿನಿಂದ ಮಧ್ಯಾಹ್ನ ಊಟವಾದ ಮೇಲೆ ಟ್ರಂಕಿನಿಂದ ಅದನ್ನು ತೆಗೆಯುವುದು, ಬಾಗಿಲ ಬೆಳಕಿಗೆ ಹಿಡಿಯುವುದು, ಮತ್ತೆ ಸೀರೆಯ ಪದರಿನಲ್ಲಿ ಇಡುವುದು. ಸತ್ತವನ ಎದುರು ಗುರುತು ತಪ್ಪಬಾರದೆಂಬ ಈ ಆಸೆ ಆಗ ನನಗೆ ಹುಚ್ಚಾಗಿ ಕಂಡಿತ್ತು. ಈಗ ಕಾಣುವುದಿಲ್ಲ.

ಅಣ್ಣ ಕೇಳಿದಾಗಲೆಲ್ಲ ಫೋಟೋ ಬಂದಿಲ್ಲ ಎಂದೆ. ಮೊನ್ನೆ ಮಂಗಳವಾರ ಹೊಲದ ಕಾಗದ ಹುಡುಕಲು ಟ್ರಂಕು ತೆಗೆದವನಿಗೆ ಅದು ಸಿಕ್ಕಿತು. "ಮುಂಡಿ ಹಣಿಗಿ ಕುಂಕುಮ! ಅಂಗಡ್ಯಾಗ ಹಾಕಿದ್ರ ಮಂದಿ ನನ್ನ ಮಾರಿಗೆ ಉಗಳ್ತಾರ" ಎಂದು ಕೂಗಿದ. "ಹಣಿ ಆಕೀದು, ಉಗಳಸ್ಕೊಳಾಂವ ನೀ ಯಾಂವ?" ಎಂದೆ. "ನಿನ್ನ ಭಾಷಣಾ ಹೊರಗಿಟ್ಟು ಬಾ" ಎಂದ. ಫೋಟೋ ಜೇಬಿಗಿಟ್ಟುಕೊಂಡು ಹೋದ.

ನಮ್ಮ ಕಡೆ ಹೆಣ್ಣಿನ ಹಣೆ ಎಂಬುದು ಊರ ಚಾವಡಿಯ ಗೋಡೆ, ಖುರಷೀದ. ಹುಟ್ಟಿದವರು, ಕಟ್ಟಿಕೊಂಡವರು, ಹೊತ್ತುಹಾಕಲು ಬಂದವರು, ಎಲ್ಲರೂ ಬರೆಯುವವರೇ, ಎಲ್ಲರೂ ಅಳಿಸುವವರೇ. ಗೋಡೆಯನ್ನು ಕೇಳುವವರಿಲ್ಲ. ನಾನೂ ಕೇಳಿರಲಿಲ್ಲ. ಮೂರು ಪ್ರತಿ ಬಂದು ಹೋದವು, ಮೂರು ಸಲವೂ ನನ್ನ ಬುದ್ಧಿಯನ್ನೇ ಬರೆದು ಕಳಿಸಿದೆ.

ನಿನಗೇನು ಬೇಕವ್ವಾ ಎಂದು ನಿನ್ನೆ ಕೇಳಿದೆ. ಅಣ್ಣನ ಮೇಲೆ ಜಗಳ ತೆಗೆಯುತ್ತೇನೆ, ಅಂಗಡಿಯ ಮುಂದೆಯೇ ನಿಂತು ಕೇಳುತ್ತೇನೆ ಎಂದಾಗ ಅವ್ವ ಬೇಡವೆಂದು ಕೈಯಾಡಿಸಿದಳು. "ಅವನ ಗ್ವಾಡಿಗಿ ಅವನ ಅವ್ವ ಇರ್ಲಿ. ಇಬತ್ತಿ ಬರಸ್ಲಿ, ಏನರ ಬರಸ್ಲಿ. ನನಗ ನಾ ಬೇಕವಾ." ಫೋಟೋ ಇಲ್ಲದ ಟ್ರಂಕನ್ನು ತೆಗೆದು ಮುಚ್ಚಿ ಮಾಡುತ್ತಿದ್ದಾಳೆ ನಮ್ಮವ್ವ. ನನಗೆ ನೋಡಲು ಆಗುತ್ತಿಲ್ಲ.

ಆದ್ದರಿಂದ ಕೇಳುತ್ತೇನೆ. ಸೋಮವಾರದ ಮೊದಲು, ಆ ಗಾಜಿನ ಹಣೆಯ ಮೇಲೆ ವಿಭೂತಿಯ ಪೆನ್ಸಿಲು ಬೀಳುವ ಮೊದಲು, ಒಂದು ಪ್ರತಿ ತೆಗೆದುಕೊಡು. ಅಂಗೈಯಷ್ಟು ಸಣ್ಣದಾದರೂ ಸಾಕು. ಈ ಸಲದ ತಿದ್ದುಪಡಿ ಅವ್ವನ ಬಾಯಿಂದಲೇ ಬಂದದ್ದು, ಇದ್ದ ಹಾಗೆ ಬರೆಯುತ್ತೇನೆ: "ಬಟ್ಟು ಹಂಗ ಇರ್ಲಿ. ಕಣ್ಣ ಕೆಳಗಿಂದು ಕರ್ರಗಿದ್ದದ್ದು ತಿರುಗಿ ಹಾಕಂತ ಹೇಳು. ಅವರ ಸಲುವಾಗಿ ಅತ್ತದ್ದು ಅವರಿಗೂ ಕಾಣ್ಲಿ."

ಗಾಜಿನ ಮೇಲಿನ ಪೆನ್ಸಿಲು ಒರೆಸಿದರೆ ಹೋಗುತ್ತದೆ, ಕೆರೆದದ್ದು ಹೋಗುವುದಿಲ್ಲ ಎಂದು ನೀನೇ ಒಮ್ಮೆ ಬರೆದಿದ್ದೆ. ಕಣ್ಣ ಕೆಳಗಿನದನ್ನು ಒರೆಸಿಬಿಡು.

ಇಮಾಮಬಿ ಶನಿವಾರ ತಿರುಗಿ ಬರುತ್ತಾಳೆ. ಅವಳ ಕೈಯಲ್ಲಿ ಫೋಟೋ ಬಂದರೆ ಅವ್ವನಿಗೆ. ಒಂದು ಸಾಲು ಬೈಗುಳ ಬಂದರೂ ಸಾಕು, ಅದು ನನಗೆ. ನಿನ್ನ ಅಕ್ಷರ ನೋಡದೆ ಕಣ್ಣು ಹಸಿದಿವೆ.

ಬಸ್ಸಿನ ದಾರಿ ಕಾಯುತ್ತಿರುವ
ನಿನ್ನ ಇಂದ್ರಾ

ತಾ.ಕ.: ಇಮಾಮಬಿಯ ಬಾಯಿಂದ ಕೇಳುವ ಮೊದಲು ಇದನ್ನು ನನ್ನ ಕೈಯಿಂದಲೇ ಓದು. ನಮ್ಮ ಮನೆಯವರು ಗುರುಲಿಂಗಪ್ಪ ಶ್ರಾವಣದಲ್ಲಿ ತೀರಿಕೊಂಡರು. ಆರು ದಿನದ ಜ್ವರ. ಹೆಂಗಸರು ಒದ್ದೆ ಬಟ್ಟೆ ಹಿಡಿದು ನನ್ನ ಹಣೆಗೆ ಬಂದಾಗ ಅವ್ವ ನಡುವೆ ನಿಂತು, "ನಂದು ಒರಸಿದ್ರಿ, ಸುಮ್ನ ಕುಂತೆ. ಈಕೀದು ಮುಟ್ರಿ ನೋಡೂಣು" ಎಂದಳು. ಯಾರೂ ಮುಟ್ಟಲಿಲ್ಲ. ಮುಂದಿನ ಸಂತೆಗೆ ನಿನ್ನ ಮಾವ ಬಂದರೆ ನಾನೂ ಒಂದು ಫೋಟೋ ತೆಗೆಸುತ್ತೇನೆ. ಎಡಗಡೆ ಒಬ್ಬರು ನಿಲ್ಲುವಷ್ಟು ಜಾಗ ಬಿಟ್ಟು ಕೂರುತ್ತೇನೆ. ಅದನ್ನು ಕತ್ತರಿಸಬೇಡ.