ಅರ್ಧ ಪೆನ್ನಿಯ ಏಟು

ಕಲ್ಕತ್ತೆ
ಫಾಲ್ಗುಣ ೩, ೧೨೯೪ (ಸಾಹೇಬರ ಲೆಕ್ಕದಲ್ಲಿ ೧೮೮೮ರ ಫೆಬ್ರವರಿ)

ಪೂಜ್ಯ ಅಮ್ಮನ ಪಾದಗಳಿಗೆ ಬೇಚಾರಾಮನ ನಮಸ್ಕಾರ.

ನಿನ್ನ ಮಂಡಿನೋವು ಹೇಗಿದೆ? ಓದಿ ಹೇಳುತ್ತಿರುವ ತಂಗಿ ಕ್ಷೀರೋದೆ ದಿನಾ ಸಾಸಿವೆ ಎಣ್ಣೆ ತಿಕ್ಕುತ್ತಾಳೆಯೋ, ಹೇಳಿಸಿಕೊಂಡ ಮೇಲೆ ತಿಕ್ಕುತ್ತಾಳೆಯೋ? ಕಡಲ ದಂಡೆಯ ಮಣ್ಣು ತಂದು ಕುದಿಸಿ ಉಪ್ಪು ತೆಗೆಯುವುದನ್ನು ಬಿಡು ಎಂದು ಎರಡು ಸಲ ಬರೆದೆ. ಎರಡು ಸಲವೂ ನೀನು ಹಸು ಕರು ಹಾಕಿದ ಸುದ್ದಿಯನ್ನೇ ಬರೆಸಿದೆ. ನಾನು ಕ್ಷೇಮ. ಎಡಗಿವಿ ಸ್ವಸ್ಥಾನದಲ್ಲೇ ಇದೆ, ಕೇಳುವ ಕೆಲಸವನ್ನು ಮಾತ್ರ ಬಿಟ್ಟಿದೆ. ಅದಕ್ಕೆ ಕಾರಣ ಲಂಡನ್ನಿನ ಬೆಳ್ಳಿ.

ನಗಬೇಡ. ಸರಕಾರ ಕಂದಾಯ ಎತ್ತುವುದು ನಮ್ಮ ಬೆಳ್ಳಿ ರೂಪಾಯಿಯಲ್ಲಿ; ವಿಲಾಯತಿಯ ಪಿಂಚಣಿ, ರೈಲು ಸಾಲದ ಬಡ್ಡಿ, ಪಲ್ಟನ್ನಿನ ಖರ್ಚು ತೀರಿಸುವುದು ಚಿನ್ನದ ಪೌಂಡಿನಲ್ಲಿ. ರೂಪಾಯಿಗೆ ಹದಿನೇಳೂವರೆ ಪೆನ್ನಿ ಸಿಗುತ್ತದೆಂದು ವರ್ಷದ ಬಜೆಟ್ಟಿನಲ್ಲಿ ಹಣಕಾಸು ಕಚೇರಿಯ ನಾವು ಗಂಭೀರವಾಗಿ ಊಹಿಸಿದ್ದೆವು. ಬೆಳ್ಳಿ ಆ ಊಹೆಯನ್ನು ಓದಿರಲಿಲ್ಲ. ಬೆಳ್ಳಿ ಅಗ್ಗವಾಗಿ ರೂಪಾಯಿ ಅರ್ಧ ಪೆನ್ನಿ ಇಳಿದರೆ ಬೊಕ್ಕಸಕ್ಕೆ ಅರ್ಧ ಕೋಟಿಗೂ ಮಿಕ್ಕಿ ತೂತು. ದಿನಾ ಬೆಳಿಗ್ಗೆ ಲಂಡನ್ನಿನಿಂದ ದರದ ತಂತಿ ಬರುತ್ತದೆ. ನಮ್ಮ ಮೇಲಧಿಕಾರಿ ಕ್ರಾಥರ್ ಸಾಹೇಬ ಅದನ್ನು ಓದಿ ಕೈಗೆ ಸಿಕ್ಕಿದ್ದನ್ನು ಎಸೆಯುತ್ತಾನೆ. ಆ ಹೊತ್ತಿಗೆ ನಾವೆಲ್ಲ ದಪ್ಪ ಪುಸ್ತಕಗಳನ್ನು ಮುಖಕ್ಕೆ ಅಡ್ಡ ಹಿಡಿದು ಓದುತ್ತಿರುತ್ತೇವೆ. ಇದನ್ನು ಸಾಹೇಬ ನಮ್ಮ ಶ್ರದ್ಧೆ ಎಂದುಕೊಂಡಿದ್ದಾನೆ.

ಪೌಷದ ಒಂದು ಗುರುವಾರ ದರ ಹದಿನೇಳಕ್ಕಿಂತ ಕೆಳಗೆ ಬಿತ್ತು. ಸಾಹೇಬನ ಕರಿಮರದ ರೂಲುದೊಣ್ಣೆ ಹೆಡ್ ಗುಮಾಸ್ತ ತಾರಿಣೀ ಬಾಬುಗಳ ಹಣೆ ಸೀಳಿತು. ಅವರು ರಕ್ತ ಒರೆಸಿಕೊಳ್ಳುವ ಮೊದಲೇ, ಶಿಸ್ತಿನ ಮನುಷ್ಯ ನೋಡು, ನನ್ನ ಕಿವಿಗೆ ಬಾರಿಸಿದರು. ನಾನು ಎದ್ದವನೇ ಮುದಿ ಜವಾನ ಝಗಡೂವಿನ ಪಕ್ಕೆಗೆ ಒದ್ದೆ. ಹೌದಮ್ಮಾ, ನಿನ್ನ ಮಗನೇ. ಝಗಡೂ ನೆಲದಿಂದಲೇ ಕೇಳಿದ: “ಬಾಬೂ, ನನ್ ಕೆಳಗೆ ಯಾರೂ ಇಲ್ವಲ್ಲ, ನಾನ್ಯಾರಿಗೆ ಒದೀಲಿ?”

ಅಷ್ಟರಲ್ಲಿ ಸಾಹೇಬ ದೊಣ್ಣೆ ಎತ್ತಿಕೊಂಡು ಬಂದು ನನ್ನ ಮೂಗಿನ ಮೇಲೆ ಹಿಡಿದ. “ಹೇಳೋ ಬಾಬು, ನಿಮ್ಮ ಜನ ಸಾಯೋವರೆಗೂ ಬಿಡದೆ ಇರೋ ಪದಾರ್ಥ ಯಾವುದು?” ಎಂದ. ಹುಕ್ಕಾ ಎನ್ನಬಹುದಿತ್ತು. ಎಲೆಅಡಿಕೆ ಎನ್ನಬಹುದಿತ್ತು. “ಉಪ್ಪು, ಹುಜೂರ್!” ಎಂದುಬಿಟ್ಟೆ. ದೊಣ್ಣೆ ಕೆಳಗಿಳಿಯಿತು. ಮಾಘದಲ್ಲಿ ಉಪ್ಪಿನ ಸುಂಕ ಮಣಕ್ಕೆ ಎರಡರಿಂದ ಎರಡೂವರೆ ರೂಪಾಯಿಗೆ ಏರಿತು. ದೊಡ್ಡವರು ಮೊದಲೇ ಯೋಚಿಸಿಟ್ಟಿದ್ದರೋ ಏನೋ. ಕಚೇರಿಯಲ್ಲಿ ಮಾತ್ರ ನನ್ನನ್ನು “ಉಪ್ಪಿನ ಮಂತ್ರಿ” ಎನ್ನುತ್ತಾರೆ. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲವಂತೆ. ನಾನು ಒಂದೇ ಮಾತಿನಲ್ಲಿ ಎರಡನ್ನೂ ಮಾರಿದೆ.

ಸುಂಕ ಏರಿದ ಮೇಲೆ ಕದ್ದು ಉಪ್ಪು ಕುದಿಸುವವರು ಹೆಚ್ಚುತ್ತಾರೆಂದು ನಮ್ಮ ದಂಡೆಯ ಕಾವಲನ್ನು ದುಪ್ಪಟ್ಟು ಮಾಡಿದ್ದಾರೆ. ಕಳೆದ ವಾರ ಅಲ್ಲಿಂದ ಬಂದ ವರದಿಯನ್ನು ನಾನೇ ನಕಲು ಮಾಡಿದೆ: “ಛಿದಾಮ ಜಾನಾ ಎಂಬವನ ಮೇಲೆ ಲಘು ಬಲಪ್ರಯೋಗ.” ನನ್ನನ್ನು ಹೆಗಲ ಮೇಲೆ ಹೊತ್ತು ಕಡಲು ತೋರಿಸಿದ ಛಿದಾಮ ಕಾಕಾ! ಮುಂದಿನ ಸಾಲಿನಲ್ಲಿ ಎರಡು ಪಕ್ಕೆಲುಬು, ಒಂದು ಮೊಣಕೈ, ಒಡೆದ ಮಡಕೆ ನಾಲ್ಕು. ಮಡಕೆಗಳ ಲೆಕ್ಕಕ್ಕೆ ಮಾತ್ರ ಸಹಿ ಹಾಕಿದ್ದರು.

ಕಾಕಾನ ಮನೆಗೆ ನನ್ನ ಪಾಲಿನ ಅಕ್ಕಿಯಲ್ಲಿ ಅರ್ಧ ಕಳಿಸು. ಊರ ಹಿರಿಯರಿಗೆ ನಮಸ್ಕಾರ, ಕರುವಿಗೆ ಮುದ್ದು, ಕ್ಷೀರೋದೆಗೆ ಆಶೀರ್ವಾದ.

ನಿನ್ನ ಮಗ
ಬೇಚಾರಾಮ ಮಾಯಿತಿ

ಮರೆತ ಮಾತು: ಕ್ಷೀರೋ, ಬಾಗಿಲು ಹಾಕಿ ಮೆಲ್ಲಗೆ ಓದು. ಸೋಮವಾರ ಕಾವಲಿನವರು ನಮ್ಮೂರಿಗೆ ಬರುತ್ತಾರೆ. ಕೊಟ್ಟಿಗೆಯ ಹಿಂದಿನ ಮಡಕೆ ಒಡೆದು ಕೊಳಕ್ಕೆ ಹಾಕು, ಒಲೆಯ ಬೂದಿಯನ್ನೂ ಉಳಿಸಬೇಡ. ಅಮ್ಮ ಹಟ ಹಿಡಿದರೆ ಬೈಸಿಕೊಂಡೇ ಒಡೆ. ಕದ್ದು ಉಪ್ಪು ಕುದಿಸುವವರೆಂದು ನಾನೇ ನಕಲು ಮಾಡಿದ ಪಟ್ಟಿಯಲ್ಲಿ ಅವಳದು ಮೂರನೆಯ ಹೆಸರು. ಬಿಟ್ಟು ಬರೆಯೋಣವೆಂದರೆ ತಾರಿಣೀ ಬಾಬುಗಳು ಹಣೆಯ ಹೊಸ ಗಾಯಕ್ಕೆ ಬಟ್ಟೆ ಕಟ್ಟಿಕೊಂಡು ಪಕ್ಕದಲ್ಲೇ ನಿಂತಿದ್ದರು. ಬರೆದು ಮುಗಿಸಿದಾಗ ಬೆನ್ನು ತಟ್ಟಿ, “ಅಕ್ಷರ ಮುತ್ತಿನ ಹಾಗಿದೆ ಕಣೋ” ಎಂದರು.