ಸೊಂಟದೆತ್ತರದ ಕಿಟಕಿ

ಮಾರಾಂಗ್,
ಮೇ ೧೪

ಪ್ರೀತಿಯ ಅಮ್ಮನಿಗೆ ಹಸ್ನಾಳ ಸಲಾಂ.

ಫೋನಿನಲ್ಲಿ ಹೇಳಲು ಹೊರಟರೆ ನೀನು "ಹೋಗ್ಲಿ ಬಿಡೇ" ಎಂದು ಮಾತು ತಿರುಗಿಸಿಬಿಡುತ್ತೀ. ಅದಕ್ಕೇ ಬರೆಯುತ್ತಿದ್ದೇನೆ. ದೊಡ್ಡಮ್ಮನೇ ಓದಿ ಹೇಳಲಿ, ಬೇಕಾದರೆ ನಗಲಿ.

ದೊಡ್ಡಮ್ಮನಿಗೆ ಮೊಣಕಾಲು ನೋವು, ನೋಡಿಕೊಳ್ಳಬೇಕು ಎಂದು ನೀನು ಅವರ ಊರು ದುಂಗುನ್‌ಗೆ ಹೊರಟಾಗ ನಂಬಿದ್ದೆ. ಮೊನ್ನೆ ಅವರಿಗೇ ಫೋನ್ ಮಾಡಿ ಕಾಲು ಹೇಗಿದೆ ಎಂದು ವಿಚಾರಿಸಿದೆ. "ನನ್ನ ಕಾಲಿಗೇನಾಗಿದೆ? ನಿನ್ನ ಮನೆ ತಂಪೆಲ್ಲ ನಿಂತವರಿಗೆ ಕಣೇ. ನಿಂತ್ಕೊಂಡೇ ನಿದ್ದೆ ಮಾಡೋಕೆ ನಿಮ್ಮಮ್ಮ ಏನು ಕುದುರೇನಾ?" ಎಂದರು. ನನಗೆ ಸಿಟ್ಟೇ ಬಂತು. ನಾನು ನಕ್ಷೆ ಬರೆದು ಕಟ್ಟಿಸಿದ ಈ ಮನೆ ಎಸಿ ಇಲ್ಲದೆಯೂ ತಂಪಾಗಿರುತ್ತದೆಂದು ನೋಡಲು ಕ್ವಾಲಾಲಂಪುರದಿಂದ ಜನ ಬರುತ್ತಾರೆ. ಅವರೆದುರು ನೀನೇ "ರಾತ್ರಿ ಹೊದಿಕೆ ಬೇಕಾಗುತ್ತಪ್ಪಾ" ಎಂದಿದ್ದೆಯಲ್ಲ!

ನಿನ್ನೆ ಮಧ್ಯಾಹ್ನ ನಿನ್ನ ಕೋಣೆಯಲ್ಲಿ ನಮಾಜು ಮುಗಿಸಿ ಹಾಗೇ ನೆಲಕ್ಕೆ ಒರಗಿದೆ. ಮಂಚ ಬಿಟ್ಟು ಈ ಮನೆಯ ನೆಲದ ಮೇಲೆ ನಾನು ಮೈ ಚಾಚಿದ್ದು ಅದೇ ಮೊದಲು. ಸ್ವಲ್ಪ ಹೊತ್ತಿಗೇ ಬೆನ್ನೆಲ್ಲ ಬೆವರು. ಸಮುದ್ರದ ಗಾಳಿ ಸೊಂಟದೆತ್ತರದ ಕಿಟಕಿಯಿಂದ ಒಳಬಂದು, ನನ್ನ ಮೇಲೆ ಹಾದು, ಸೂರಿನ ಕಿಂಡಿಯಿಂದ ಆಚೆ ಹೋಗುತ್ತಿತ್ತು. ಪರದೆ ಕುಣಿಯುತ್ತಿತ್ತು, ನನ್ನ ಒಂದು ಕೂದಲೂ ಅಲುಗಲಿಲ್ಲ.

ಅಮ್ಮಾ, ನಾಚಿಕೆಯಿಂದ ಸಾಯುವಂತಾಯಿತು. ನೀನು ಉಣ್ಣುವುದು, ಮೀನು ಹೆಚ್ಚುವುದು, ಮಲಗುವುದು ಎಲ್ಲ ನೆಲದ ಮೇಲೆ. ನಮ್ಮ ಹಳೆಯ ಮನೆಯ ಕಿಟಕಿಗಳು ನೆಲದವರೆಗೂ ಇದ್ದದ್ದು ಅದಕ್ಕೇ ಅಲ್ಲವೇ? ನಾನು ಬಿಸಿಲು, ನೆರಳು, ಗಾಳಿ ಎಲ್ಲ ಲೆಕ್ಕ ಹಾಕಿದೆ, ಆದರೆ ಕುರ್ಚಿಯಲ್ಲಿ ಕೂರುವವರಿಗಾಗಿ ಹಾಕಿದೆ. ಇರುವೆ ಬರುತ್ತದೆಂದು, ಅಡಿಯಿಂದ ಗಾಳಿ ಬರಬಹುದಾಗಿದ್ದ ನೆಲಹಲಗೆಯ ಸಂದಿಗಳನ್ನೂ ಮುಚ್ಚಿಸಿದೆ. ನನ್ನ ಕಚೇರಿಗೆ ಬಂದು ನಕ್ಷೆ ನೋಡಿ ನೀನು "ಕಿಟಕಿ ಅಷ್ಟು ಮೇಲ್ಯಾಕೆ?" ಎಂದಾಗ, "ಸೋಫಾ ತರ್ತೀನಿ, ಇನ್ನಾದ್ರೂ ಮೇಲೆ ಕೂರೋದು ಕಲಿ" ಎಂದಿದ್ದೆ. ಕಚೇರಿಯವರೆಲ್ಲ ನಕ್ಕರು. ನೀನೂ ನಕ್ಕೆ. ಆ ನಗು ಈಗ ಚುಚ್ಚುತ್ತಿದೆ.

ಇವತ್ತು ಬಡಗಿಯನ್ನು ಕರೆಸಿ ನಿನ್ನ ಕಿಟಕಿಯ ಕೆಳಗಿನ ಹಲಗೆಗೋಡೆ ಬಿಚ್ಚಿಸಿದೆ. ಇನ್ನು ನೆಲದವರೆಗೂ ಕಿಟಕಿಯೇ. ಮುಂದಿನ ವಾರ ಮನೆ ನೋಡಲು ಬರುವವರಿಗೆ ತಪ್ಪು ಎಲ್ಲಿತ್ತೆಂದು ನಾನೇ ತೋರಿಸುತ್ತೇನೆ. ಬಾ ಅಮ್ಮಾ, ಒಮ್ಮೆ ಮಲಗಿ ನೋಡು. ಸೆಕೆಯಾದರೆ ಸೆಕೆ ಎಂದು ಬೈ. ನಾಲ್ಕು ಜನರೆದುರು ನನ್ನ ಮರ್ಯಾದೆ ಕಾಯಬೇಡ.

ನಿನ್ನ ಮಗಳು
ಹಸ್ನಾ

ತಾ.ಕ.: ಫೋಟೋ ತೆಗೆಯುವವರು ಬಂದ ದಿನ ನಿನ್ನ ಚಾಪೆ ಕಾಣೆಯಾಗಿತ್ತಲ್ಲ? ಅಂದು ಬೆಳಗ್ಗೆ ಅದು ತಲೆದಿಂಬಿನ ಸಮೇತ ಹಿತ್ತಿಲ ಬಾಗಿಲ ಹೊಸ್ತಿಲಿಗೆ ಅಡ್ಡಲಾಗಿ ಹಾಸಿತ್ತು. ಚಿತ್ರದಲ್ಲಿ ಚೆನ್ನಾಗಿ ಕಾಣದೆಂದು ಸುತ್ತಿ ಬೀರುವಿನ ಹಿಂದೆ ತುರುಕಿದವಳು ನಾನೇ. ಗಾಳಿ ಬರುವ ಆ ಬಾಗಿಲಲ್ಲಿ ಯಾಕೆ ಮಲಗಿದ್ದೆ ಎಂದು ಬೇಕೆಂದೇ ಕೇಳಲಿಲ್ಲ. ಕೇಳಿದ್ದರೆ ನೀನು ಹೇಳಿಬಿಡುತ್ತಿದ್ದೆ.